ನಾಲ್ಕು ಬೆರಳೆತ್ತರದ ಹೊಸ್ತಿಲು

ನಮ್ಮ ಮನೆಗೆ ಬರುವವರೆಲ್ಲ ಎಡವುತ್ತಾರೆ. ನೀವು ಬಂದರೂ ಎಡವುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಬೆಲ್ ಒತ್ತಿ, ನಾನು ಬಾಗಿಲು ತೆರೆದಾಗ ನಗುತ್ತ ನನ್ನ ಮುಖವನ್ನೇ ನೋಡಿ ಕಾಲು ಮುಂದಿಡುತ್ತೀರಿ. ಅಷ್ಟರಲ್ಲಿ ಹೆಬ್ಬೆರಳು ತೇಗದ ಹಲಗೆಗೆ ತಾಗಿ, ಕೇಳಬೇಕೆಂದಿದ್ದ ಕುಶಲಪ್ರಶ್ನೆ "ಅಯ್ಯೋ" ಆಗಿ ಹೊರಬರುತ್ತದೆ. ನಾನು ಕೈ ಕೊಟ್ಟು ಒಳಗೆ ಕರೆದುಕೊಳ್ಳುತ್ತೇನೆ. ಇಷ್ಟು ವರ್ಷಗಳಲ್ಲಿ ಕೈ ಕೊಡುವುದು ನನಗೆ ಚೆನ್ನಾಗಿ ರೂಢಿಯಾಗಿದೆ.

ಎಡವುವುದರಲ್ಲೂ ಬಗೆಗಳಿವೆ. ವಿಮೆಯ ಏಜೆಂಟರು ತಾವು ಎಡವಿ ತಾವೇ ಕ್ಷಮೆ ಕೇಳುತ್ತಾರೆ. ನೆಂಟರು ಎಡವಿ ನನ್ನನ್ನು ಬೈಯುತ್ತಾರೆ. ನನ್ನ ಕೈಕೆಳಗೆ ಕೆಲಸ ಕಲಿತು ಈಗ ಮುಗಿಲು ಮುಟ್ಟುವ ಕಟ್ಟಡ ಕಟ್ಟುತ್ತಿರುವ ಹುಡುಗರು ಮಾತ್ರ ಬಗ್ಗಿ ಆ ಹಲಗೆಯನ್ನು ನೋಡಿ, ಆಮೇಲೆ ನನ್ನನ್ನು ನೋಡುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಬಾಂದ್ರಾದಿಂದ ಹಿಡಿದು ಉಪನಗರಗಳ ಉದ್ದಕ್ಕೂ ಜೀವಮಾನವಿಡೀ ಫ್ಲ್ಯಾಟುಗಳ ನಕ್ಷೆ ಬರೆದವನು ನಾನು. ಆ ಯಾವ ಮನೆಗೂ ಹೊಸ್ತಿಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಹಾಕಲಿಲ್ಲ. ಇಂಥವನ ಮನೆಯ ಬಾಗಿಲಲ್ಲೇ ನಾಲ್ಕು ಬೆರಳೆತ್ತರದ ಹೊಸ್ತಿಲು ಅಡ್ಡ ಮಲಗಿದೆಯೆಂದರೆ ಮುದುಕನಿಗೆ ಅರಳುಮರಳು ಎಂದುಕೊಳ್ಳುವುದು ಸಹಜ. "ಸರ್, ತೆಗೆಸಿಬಿಡಿ. ನಿಮ್ಮ ವಯಸ್ಸಿಗೆ ಅಪಾಯ" ಎಂದು ಮೊನ್ನೆ ಒಬ್ಬ ಹೇಳಿದ. ಬೀಳುವುದಾದರೆ ಅಲ್ಲೇ ಬೀಳುತ್ತೇನೆ ಬಿಡಪ್ಪ ಎಂದೆ. ಅವನಿಗೆ ಕಾರಣ ಹೇಳಲು ಆಗ ಮನಸ್ಸಾಗಲಿಲ್ಲ.

ಐವತ್ತರ ದಶಕದಲ್ಲಿ ನಾನು ಆರ್ಕಿಟೆಕ್ಚರ್ ವಿದ್ಯಾರ್ಥಿ. ನಮ್ಮದು ಪರೇಲಿನಲ್ಲಿ ಒಂದು ಚಾಳು, ಚಾಳಿನಲ್ಲಿ ಒಂದೇ ಕೋಣೆಯ ಖೋಲಿ. ಧಾರವಾಡದಿಂದ ಬಂದು ಮಿಲ್ಲೊಂದರಲ್ಲಿ ಗುಮಾಸ್ತನಾಗಿದ್ದ ಅಪ್ಪ, ನಾನು ಮ್ಯಾಟ್ರಿಕ್ ಓದುತ್ತಿದ್ದಾಗಲೇ ತೀರಿಕೊಂಡಿದ್ದ. ಅಣ್ಣ ಗುರುನಾಥ ಕೇಂದ್ರ ಸರಕಾರದ ಕಚೇರಿಯಲ್ಲಿ ನೌಕರಿ ಹಿಡಿದು ನನ್ನನ್ನು ಓದಿಸುತ್ತಿದ್ದ. ಮನೆಯಲ್ಲಿ ಅವ್ವ, ಅಣ್ಣ, ನಾನು, ಮತ್ತು ನನ್ನ ಡ್ರಾಯಿಂಗ್ ಬೋರ್ಡು. ಹಾಗೆ ನೋಡಿದರೆ ಬೋರ್ಡಿಗೇ ಹೆಚ್ಚು ಜಾಗ ಬೇಕಾಗುತ್ತಿತ್ತು.

ಆ ಬೋರ್ಡಿನ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ಬೆಳಗಿನ ಲೋಕಲ್‌ನಲ್ಲಿ ಅದನ್ನು ತಲೆಯ ಮೇಲೆ ಹಿಡಿದು ಹತ್ತಿದರೆ ಗಿರಣಿಯ ಜನ, ಕಚೇರಿಯ ಜನ ಎಲ್ಲರೂ ಸೇರಿ ಬೈಯುತ್ತಿದ್ದರು. ಗೆರೆ ಎಳೆಯುವ ಟೀ ಸ್ಕ್ವೇರ್ ಯಾರದೋ ಬೆನ್ನಿಗೆ ಚುಚ್ಚಿ, ಆತ ಮರಾಠಿಯಲ್ಲಿ ನನ್ನ ವಂಶವನ್ನೆಲ್ಲ ನೆನೆಸಿಕೊಳ್ಳುತ್ತಿದ್ದ. ಮನೆಗೆ ತಂದರೆ ಅವ್ವನಿಗೆ ಅದು ದೇವರು ಕಳಿಸಿದ ಮಣೆಯಂತೆ ಕಾಣುತ್ತಿತ್ತು. ನಾನು ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಅದರ ಮೇಲೆ ಶಾವಿಗೆ ಒಣಗಿಸಿಬಿಡುತ್ತಿದ್ದಳು. "ಎಷ್ಟ್ ಸಪಾಟ ಅದನೋ ಶೀನ್ಯಾ ಇದು! ಒಂದು ಎಳಿನೂ ಸೊಟ್ಟ ಆಗೂದಿಲ್ಲ" ಎಂದು ಮೆಚ್ಚಿಕೊಳ್ಳುತ್ತಿದ್ದಳು. ಒಮ್ಮೆ ನಾನು ಬರೆದ ಸಾರ್ವಜನಿಕ ಗ್ರಂಥಾಲಯದ ನಕ್ಷೆಯ ಮೂಲೆಯಲ್ಲಿ ಅರಿಸಿನದ ಕಲೆ ಕಂಡು ಪ್ರೊಫೆಸರರು "ಇದೇನು, ಉದ್ಯಾನವೇ?" ಎಂದು ಕೇಳಿದರು. ಹೌದೆಂದೆ. ಅದಕ್ಕೂ ಅಂಕ ಬಂತು.

ಅರಿಸಿನದ ಕಲೆ ಬಂದದ್ದು ಹೊಸ್ತಿಲಿನಿಂದ. ದಿನವೂ ಬೆಳಿಗ್ಗೆ ಗಿರಣಿಯ ಭೋಂಗಾ ಕೂಗುವ ಮೊದಲೇ ಅವ್ವ ಎದ್ದು ಹೊಸ್ತಿಲು ತೊಳೆದು, ಅರಿಸಿನ ಬಳಿದು, ಎರಡು ತುದಿಗೂ ಕುಂಕುಮವಿಟ್ಟು, ನಡುವೆ ರಂಗೋಲಿಯ ಎಳೆ ಎಳೆಯುತ್ತಿದ್ದಳು. ಅಂಗಳವಿಲ್ಲ, ತುಳಸಿಕಟ್ಟೆಯಿಲ್ಲ, ಬಾಗಿಲ ಮುಂದಿನ ಗ್ಯಾಲರಿ ಹತ್ತು ಮನೆಗಳ ಪಾಲಿನದು, ನಲ್ಲಿ ಇಡೀ ಮಾಳಿಗೆಗೆ ಸೇರಿದ್ದು. ಅವ್ವನಿಗೆ ಇಡಿಯಾಗಿ ತನ್ನದು ಎಂದು ಇದ್ದದ್ದು ಆ ಒಂದು ಮರದ ತುಂಡು. ಮದುವೆಯಾಗಿ ಬಂದಾಗ ಸೇರಕ್ಕಿ ಒದ್ದು ಅವಳು ಒಳಗೆ ಕಾಲಿಟ್ಟದ್ದು ಅದನ್ನು ದಾಟಿಯೇ. ಆ ಕಥೆಯನ್ನು ಎಷ್ಟು ಸಲ ಹೇಳಿದರೂ ಅವಳಿಗೆ ಬೇಸರವಿರಲಿಲ್ಲ. "ಅಕ್ಕಿ ಹೋಗಿ ಹೋಗಿ ನಿಮ್ಮಪ್ಪನ ಮಂಚದ ಬುಡಕ ಸೇರಿತ್ತು. ನಿಮ್ಮಜ್ಜಿ ನಕ್ಕಳು. ಹಿಂಗ ಒದೀತಾರೇನs ಹುಡುಗಿ, ಇದು ಮನಿ, ಮೈದಾನ ಅಲ್ಲ ಅಂದಳು."

ನಮ್ಮ ಪ್ರೊಫೆಸರರು ವಿಲಾಯತಿಯಲ್ಲಿ ಕಲಿತು ಬಂದವರು. ಬಿಳಿ ಷರಟು, ಬಿಳಿ ಕೂದಲು. ಮಾತಿನಲ್ಲೂ ಒಂದು ಕಲೆಯಿಲ್ಲ. ಕಟ್ಟಡದಲ್ಲಿ ಬೇಡದ್ದು ಯಾವುದೂ ಇರಬಾರದು ಎಂಬುದು ಅವರ ಪಾಠ. ಗೋಡೆ ಗೋಡೆಯಂತಿರಲಿ, ನೆಲ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ತಡೆಯಿಲ್ಲದೆ ಹರಿಯಲಿ ಎನ್ನುತ್ತಿದ್ದರು. ಮರೀನ್ ಡ್ರೈವಿನ ಕಟ್ಟಡಗಳ ಮುಂದೆ ನಮ್ಮನ್ನು ನಿಲ್ಲಿಸಿ, ಬಾಲ್ಕನಿಗಳು ಹೇಗೆ ಮೂಲೆಯಲ್ಲಿ ಬಳುಕಿ ತಿರುಗುತ್ತವೆ ನೋಡಿ ಎಂದು ತೋರಿಸುತ್ತಿದ್ದರು. ಇನ್ನೊಂದು ದಿನ ಬಾಂದ್ರಾದ ಹಳೆಯ ಬಂಗಲೆಗಳಿಗೆ ಕರೆದುಕೊಂಡು ಹೋಗಿ, ಮರದ ಜಾಲರಿಯ ವರಾಂಡಗಳನ್ನು ತೋರಿಸಿ, ಚೆಂದ, ಆದರೆ ಕಾಲ ಮುಗಿದ ಚೆಂದ ಎಂದರು. ನಾನು ಅದನ್ನೆಲ್ಲ ಹಸಿದವನಂತೆ ನುಂಗುತ್ತಿದ್ದೆ. ಸಂಜೆ ಚಾಳಿಗೆ ಮರಳಿದರೆ ಎಲ್ಲದರಲ್ಲೂ ತಪ್ಪು ಕಾಣುತ್ತಿತ್ತು. ಗ್ಯಾಲರಿಯ ಕಟಕಟೆಯ ಕೆತ್ತನೆ ತಪ್ಪು, ಬಾಗಿಲ ಮೇಲಿನ ಬಣ್ಣದ ಗಾಜು ತಪ್ಪು. ಅವ್ವನ ರಂಗೋಲಿಯನ್ನು ಮಾತ್ರ ಏನೆನ್ನಬೇಕೋ ತಿಳಿಯದೆ ಬಿಟ್ಟಿದ್ದೆ. ಊಟ ಬಡಿಸುವವಳು ಅವಳೇ ಅಲ್ಲವೆ.

ಒಂದು ದಿನ ಪ್ರೊಫೆಸರರು ಕಾರ್ಮಿಕರ ವಸತಿ ನೋಡಬೇಕೆಂದು ಇಡೀ ತರಗತಿಯನ್ನು ಪರೇಲಿಗೆ ಹೊರಡಿಸಿದರು. ಯಾವ ಚಾಳು ಎಂದು ಅವರು ಕೇಳುವ ಮೊದಲೇ ನಮ್ಮ ಚಾಳಿಗೇ ಬನ್ನಿ ಎಂದೆ. ಬಂದರು. ಮೆಟ್ಟಿಲ ಅಗಲ ಅಳೆದರು, ನಲ್ಲಿಯ ಮುಂದಿನ ಸಾಲನ್ನು ಕಂಡು ತಲೆಯಾಡಿಸಿದರು. ಗೆಳೆಯರು ಬರೆದುಕೊಂಡರು. ಕೊನೆಗೆ ನಮ್ಮ ಖೋಲಿಯನ್ನು ಒಳಗಿನಿಂದ ನೋಡಲೆಂದು ಪ್ರೊಫೆಸರರು ಮಾಡಿನ ಎತ್ತರವನ್ನು ಕಣ್ಣಲ್ಲೇ ಅಂದಾಜು ಮಾಡುತ್ತ ಕಾಲಿಟ್ಟರು. ಹೊಸ್ತಿಲಿಗೆ ಎಡವಿ ಮುಗ್ಗರಿಸಿದರು. ನಾನು ಹಿಡಿದುಕೊಳ್ಳದಿದ್ದರೆ ನೆಲ ಕಾಣುತ್ತಿದ್ದರು.

ಅವ್ವ ಓಡಿಬಂದಳು. ಮೊದಲು ಬಗ್ಗಿ ಹೊಸ್ತಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಪ್ರೊಫೆಸರರ ಕಡೆ ತಿರುಗಿ "ಪೆಟ್ಟಾತೇನ್ರೀ ಸಾಹೇಬ್ರ?" ಎಂದಳು. ಗೆಳೆಯರು ಮುಸಿಮುಸಿ ನಕ್ಕರು. ನನ್ನ ಕಿವಿ ಬಿಸಿಯಾಯಿತು.

ಪ್ರೊಫೆಸರರು ಕನ್ನಡಕ ಸರಿಪಡಿಸಿಕೊಂಡು, "ಈ ಹಲಗೆ ಇಲ್ಲಿ ಏಕಿದೆ?" ಎಂದು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು. ಮಳೆನೀರು ಒಳಗೆ ಬಾರದಿರಲೆಂದು ಎಂದೆ, ಪುಸ್ತಕದಲ್ಲಿದ್ದಂತೆ. ಅವರು ಅವ್ವನನ್ನು ಕೇಳು ಎಂದರು. ಕೇಳಿದೆ. ಅವ್ವ ಸೆರಗು ಸರಿಪಡಿಸಿಕೊಂಡು ಹೇಳಿದಳು: "ಅವರಿಗೆ ಹೇಳು, ನಮ್ಮ ಹೊಸ್ತಲಾ ಬಂದವರನ್ನೆಲ್ಲಾ ಒಂದು ಸರ್ತಿ ಮಾತಾಡಸ್ತದ ಅಂತ."

ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದೆ. ಅಷ್ಟರಲ್ಲಿ ಚಾಳಿನ ಕೆಳಗೆ ಹೋಟೆಲ್ ನಡೆಸುತ್ತಿದ್ದ ಉಡುಪಿ ಕಡೆಯ ಭಟ್ಟರು, ಅವ್ವ ಹೇಳಿ ಕಳಿಸಿದ್ದ ಲೋಟಗಳನ್ನು ತಾವೇ ಹೊತ್ತು ತಂದರು. ತರಗತಿಯಿಡೀ ಗ್ಯಾಲರಿಯಲ್ಲಿ ಕೂತು ಅವಲಕ್ಕಿ ತಿಂದು ಕಾಫಿ ಕುಡಿಯಿತು. ವಸತಿಯ ಸಮಸ್ಯೆ ಆ ದಿನಕ್ಕೆ ಅಲ್ಲಿಗೇ ನಿಂತಿತು.

ಆ ವರ್ಷವೇ ಅಣ್ಣನಿಗೆ ಆಂಟಾಪ್ ಹಿಲ್‌ನಲ್ಲಿ ಸರಕಾರಿ ಕ್ವಾರ್ಟರ್ಸ್ ಮಂಜೂರಾಯಿತು. ಹೊಸ ಕಟ್ಟಡ, ಮೂರನೆಯ ಮಹಡಿ, ಮನೆಯೊಳಗೇ ನಲ್ಲಿ, ಮನೆಯೊಳಗೇ ಸಂಡಾಸು. ಧಾರವಾಡದಲ್ಲಿ ಅಣ್ಣನಿಗೆ ಹುಡುಗಿಯೂ ನಿಶ್ಚಯವಾಗಿದ್ದಳು. ಎಲ್ಲ ಕೂಡಿಬಂದಿತ್ತು. ನಾನೇ ಮೊದಲು ಹೋಗಿ ಮನೆ ನೋಡಿ ಕುಣಿದಾಡುವಷ್ಟು ಖುಷಿಪಟ್ಟೆ. ಪ್ರೊಫೆಸರರು ಹೇಳಿದ್ದೆಲ್ಲ ಅಲ್ಲಿತ್ತು. ಹೊರಗಿನ ಕಾರಿಡಾರಿನ ನೆಲ ಒಂದು ಗೆರೆಯೂ ಏಳದೆ ಹಾಗೇ ಒಳಗೆ ಹರಿದು, ಅಡುಗೆಮನೆಯವರೆಗೂ ಹೋಗಿತ್ತು. ಕಿಟಕಿಯಾಚೆ ದೂರದಲ್ಲಿ ಉಪ್ಪಿನಾಗರಗಳು ಬೆಳ್ಳಗೆ ಮಿನುಗುತ್ತಿದ್ದವು.

ಅವ್ವನನ್ನು ಕರೆದುಕೊಂಡು ಹೋದೆವು. ಅವಳು ತಟ್ಟೆಯಲ್ಲಿ ಅರಿಸಿನ, ಕುಂಕುಮ, ಹೂ ಹಿಡಿದುಕೊಂಡು ಬಂದಿದ್ದಳು. ಮೆಟ್ಟಿಲು ಹತ್ತಿ ಬಾಗಿಲ ಮುಂದೆ ಬಂದವಳು ಅಲ್ಲೇ ನಿಂತಳು. ನೆಲ ನೋಡಿದಳು. ಬಗ್ಗಿ ಕೈಯಾಡಿಸಿದಳು.

"ಹೊಸ್ತಲಾ ಎಲ್ಲದನೋ?"

"ಹೊಸಾ ಮನಿಗೊಳಿಗೆ ಇರೂದಿಲ್ಲವ್ವಾ" ಎಂದೆ. "ಈಗಿನ ಪದ್ಧತಿ."

"ಹಂಗಾರ ಮನಿ ಎಲ್ಲಿಂದ ಸುರು ಆಗ್ತದ?"

ಅಣ್ಣ ಒಳಗೆ ನಿಂತು, "ಬಾರವ್ವಾ, ಇಲ್ಲಿಂದ, ಇಲ್ಲಿಂದ" ಎಂದು ಕಾಲಿನಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದ. ಅವ್ವ ಬಾಗಿಲಾಚೆಯೇ ನಿಂತು ಕತ್ತು ಚಾಚಿ ಎಲ್ಲವನ್ನೂ ನೋಡಿದಳು. ನಲ್ಲಿಯನ್ನು ಮೆಚ್ಚಿದಳು, ಬೆಳಕನ್ನು ಮೆಚ್ಚಿದಳು. ಒಳಗೆ ಮಾತ್ರ ಬರಲಿಲ್ಲ. "ನಂದೇನಪಾ, ಮುದುಕಿ, ಹೆಂಗರ ನುಗ್ಗೇನು. ಆ ಹುಡುಗಿ ಸೇರು ಎಲ್ಲೆ ಒದೀಬೇಕು? ಪರರ ಮನಿ ಮಗಳು, ತನ್ನ ಮನಿಗೆ ಬಂದೆ ಅಂತ ಆಕಿಗೆ ಹೆಂಗ ಗೊತ್ತಾಗಬೇಕು? ಒಂದು ಹೊಸ್ತಲಾ ಹಾಕಸ್ರಿ. ಪೂಜಿ ಮಾಡಿ ನಾ ಮೊದಲು ಒಳಗ ಬರ್ತೀನಿ. ನಾನs ಆಕಿನ್ನ ಒಳಗ ಕರಕೋತೀನಿ." ಹೂವಿನ ತಟ್ಟೆಯೊಂದಿಗೆ ಪರೇಲಿಗೆ ಮರಳಿದಳು. ಸಿಟ್ಟಾಗಿರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮದುವೆಗೆ ಯಾವ ಸೀರೆ ಎಂಬುದನ್ನೇ ಮಾತಾಡಿದಳು.

ಒಂದು ಹಲಗೆ ಹಾಕಿಸುವುದೇನು ಮಹಾ ಎಂದು ನಿಮಗೆ ಅನ್ನಿಸಬಹುದು. ನಮ್ಮ ಅಣ್ಣ ನಿಮಗೆ ಗೊತ್ತಿಲ್ಲ. ಸರಕಾರಿ ಗೋಡೆಗೆ ಮೊಳೆ ಹೊಡೆಯಲು ಹೆದರಿ ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ಕಟ್ಟಿದವನು ಅವನು. ಹಲಗೆ ಕೂರಬೇಕಾದರೆ ಬಾಗಿಲಿನ ಬುಡವನ್ನು ಅಷ್ಟು ಕೊಯ್ಯಬೇಕು, ಬಾಗಿಲು ಸರಕಾರದ್ದು. ಅನುಮತಿ ಬೇಕು ಎಂದ. ಅರ್ಜಿ ಹಾಕಿದ. ಅರ್ಜಿಯೊಂದಿಗೆ ನಕ್ಷೆ ನಾನು ಬರೆದೆ. ನನ್ನ ಜೀವನದ ಮೊದಲ ಕೆಲಸ, ಗಿರಾಕಿ ನನ್ನ ಅವ್ವ. ಎಷ್ಟು ಎತ್ತರ ಬೇಕು ಎಂದು ಕೇಳಿದಾಗ ಅವಳು ಕೈಯನ್ನು ಅಡ್ಡಲಾಗಿ ನೆಲಕ್ಕೂರಿ, "ಇಷ್ಟು, ನಾಲ್ಕು ಬಳ್ಳು" ಎಂದಳು. ಆ ಬೆರಳುಗಳ ಪಕ್ಕಕ್ಕೆ ಸ್ಕೇಲ್ ಹಿಡಿದು ಬರೆದುಕೊಂಡೆ. ಅರಿಸಿನದಿಂದ ಹಳದಿಗಟ್ಟಿದ ಉಗುರುಗಳು.

ನಕ್ಷೆಯನ್ನು ಪ್ರೊಫೆಸರರಿಗೆ ತೋರಿಸಿದೆ. ನಗುತ್ತಾರೆಂದು ಹೆದರಿಕೆಯಿತ್ತು. ಅವರು ಬಹಳ ಹೊತ್ತು ನೋಡಿ, "ನನ್ನನ್ನು ಮಾತಾಡಿಸಿದ್ದು ಇದೇ ಅಲ್ಲವೆ?" ಎಂದರು. ಪೆನ್ಸಿಲ್ ತೆಗೆದುಕೊಂಡು ಮೇಲಿನ ಅಂಚನ್ನು ಸ್ವಲ್ಪ ಗುಂಡಗೆ ತಿದ್ದಿದರು. "ಮಾತಾಡಿಸಲಿ, ಆದರೆ ನೋಯಿಸದಿರಲಿ." ಮೂರು ವರ್ಷಗಳಲ್ಲಿ ಅವರಿಂದ ಕಲಿತದ್ದರಲ್ಲಿ ನನಗೆ ಈಗಲೂ ಬಾಯಿಪಾಠವಾಗಿರುವುದು ಆ ಮಾತು.

ಅರ್ಜಿಯಲ್ಲಿ ಕಾರಣವೆಂದು ಅಣ್ಣ ಮಳೆನೀರು ಎಂದು ಬರೆದಿದ್ದ. ಮೂರನೆಯ ಮಹಡಿಗೆ ನೀರು ಹೇಗೆ ನುಗ್ಗುತ್ತದೆ ಎಂದು ಕೇಳಿ ಅರ್ಜಿ ಮರಳಿ ಬಂತು. ಇಲಿಗಳ ಕಾಟ ಎಂದು ಬರೆದ. ಇಲಿಗಳಿಗೆ ಬೇರೆ ವಿಭಾಗವಿದೆ ಎಂದು ಉತ್ತರ ಬಂತು. ಅವ್ವ ಎಲ್ಲ ಕೇಳಿಸಿಕೊಂಡು, "ಖರೇ ಬರೀರಲ್ಲೋ. ಸೊಸಿ ಬರೋಳಿದ್ದಾಳ ಅಂತ ಬರೀರಿ. ಅವರ ಮನ್ಯಾಗೂ ಸೊಸೆಂದ್ರು ಬಂದಿರ್ತಾರ" ಎಂದಳು. ಅಣ್ಣ ನಾಚಿಕೊಂಡು, ಕೆಂಪಗಾಗಿ, ಹಾಗೇ ಬರೆದು ಕಳಿಸಿದ. ಕ್ವಾರ್ಟರ್ಸ್ ಖಾಲಿ ಬಿಟ್ಟರೆ ರದ್ದಾಗುತ್ತದೆಂದು ಅವನು ಹಾಸಿಗೆ, ಕೊಡ ತೆಗೆದುಕೊಂಡು ಅಲ್ಲಿಗೆ ಹೋಗಿ ಇರತೊಡಗಿದ. ಅವ್ವ, ನಾನು ಪರೇಲಿನಲ್ಲೇ ಉಳಿದೆವು.

ಅನುಮತಿ ಬಂತು. ಸ್ವಂತ ಖರ್ಚಿನಲ್ಲಿ ಹಾಕಿಸಿಕೊಳ್ಳತಕ್ಕದ್ದು, ಮನೆ ಬಿಡುವಾಗ ತೆಗೆದುಕೊಂಡು ಹೋಗತಕ್ಕದ್ದು ಎಂದು ಷರತ್ತು. ನಕ್ಷೆಯಲ್ಲಿದ್ದಂತೆಯೇ ತೇಗದ ಹಲಗೆ ಮಾಡಿಸಿದೆವು. ಮರುವರ್ಷ ಅಣ್ಣನ ಹೆಂಡತಿ, ನಮ್ಮ ವೈನಿ, ಅದರ ಮೇಲಿಟ್ಟ ಸೇರನ್ನು ಒದ್ದು ಒಳಗೆ ಬಂದಳು. ನೆಲ ಎಷ್ಟು ನುಣುಪಾಗಿತ್ತೆಂದರೆ ಅಕ್ಕಿ ಅಡುಗೆಮನೆಯವರೆಗೂ ಓಡಿತು. ಪರೇಲಿನಿಂದ ಭಟ್ಟರ ಹೆಂಡತಿ ಬಂದು ಆರತಿ ಎತ್ತಿದರು. ಬಹಳ ವರ್ಷಗಳ ಮೇಲೆ ಅಣ್ಣ ನಿವೃತ್ತನಾಗಿ ಮನೆ ಬಿಟ್ಟಾಗ, ಷರತ್ತಿನಂತೆ ಹಲಗೆಯನ್ನು ಬಿಚ್ಚಿ, ಟ್ಯಾಕ್ಸಿಯ ತಲೆಯ ಮೇಲೆ ಕಟ್ಟಿಸಿಕೊಂಡು ನಮ್ಮ ಮನೆಗೆ ತಂದ. "ಇದು ಸರಕಾರದ್ದಲ್ಲ" ಎಂದ.

ಸೊಸೆಯನ್ನು ತಾನೇ ಒಳಗೆ ಕರೆದುಕೊಳ್ಳುತ್ತೇನೆಂದಿದ್ದ ಅವ್ವ ಎಲ್ಲಿ ಎಂದು ನೀವು ಕೇಳುತ್ತೀರಿ. ಹೇಳಬೇಕಾದ್ದನ್ನು ದಾಟಿಕೊಂಡು ಮುಂದೆ ಬಂದುಬಿಟ್ಟೆ. ಯಾವಾಗಲೂ ಹೀಗೇ ಆಗುತ್ತದೆ. ಹಿಂದಕ್ಕೆ ಹೋಗುತ್ತೇನೆ.

ಅನುಮತಿ ಬರುವ ಮೊದಲು ಮಳೆಗಾಲ ಬಂತು. ಅವ್ವನಿಗೆ ಕೆಮ್ಮು ಹಿಡಿಯಿತು, ಜ್ವರ ಏರಿತು. ನ್ಯುಮೋನಿಯಾ ಎಂದರು. ಪರೇಲಿನಲ್ಲೇ ಆಸ್ಪತ್ರೆಗೆ ಸೇರಿಸಿದೆವು. ಗಾಲಿಯ ಮಂಚದ ಮೇಲೆ ಮಲಗಿಸಿ ಕಾರಿಡಾರಿನಿಂದ ಕಾರಿಡಾರಿಗೆ ತಳ್ಳಿಕೊಂಡು ಹೋಗಿ ವಾರ್ಡಿನೊಳಗೆ ಬಿಟ್ಟರು. ಸಂಜೆ ನಾನು ಪಕ್ಕದಲ್ಲಿ ಕೂತಾಗ ಅವಳು ವಾರ್ಡಿನ ಬಾಗಿಲನ್ನೇ ನೋಡುತ್ತಿದ್ದಳು.

"ಇಲ್ಲೂ ಹೊಸ್ತಲಾ ಇಲ್ಲ ನೋಡು ಶೀನ್ಯಾ. ಗಾಡಿ ಮ್ಯಾಲೆ ಸರ್ರ್ ಅಂತ ಬಂದುಬಿಟ್ಟೆ. ಯಾವಾಗ ಒಳಗ ಬಂದೆ ಅಂತ ತಿಳೀಲೇ ಇಲ್ಲ."

ಆಸ್ಪತ್ರೆಯಲ್ಲಿ ಹೊಸ್ತಿಲಿರಬಾರದು, ಗಾಲಿ ತಡೆಯುತ್ತದೆ, ರೋಗಿಗೆ ಕುಲುಕಾಡುತ್ತದೆ ಎಂದು ನಾನು ವಿವರಿಸಿದೆ. ಕಲಿತದ್ದನ್ನು ಹೇಳಲು ಜಾಗ ಸಿಕ್ಕರೆ ಬಿಡುವ ವಯಸ್ಸಲ್ಲ ಅದು. ಅವಳು ಎಲ್ಲ ಕೇಳಿ, "ಹೌದಪಾ, ಬ್ಯಾನಿ ಬಿದ್ದವರಿಗೆ ಛಲೋ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಅರ್ಜಿ ಏನಾತು?" ಎಂದಳು.

"ಬರ್ತದವ್ವಾ."

"ಬರ್ಲಿ. ಮನಿಗೆ ಹೋಗಿಂದ ಪೂಜಿ ಮಾಡೂಣು."

ಅವಳು ತೀರಿಕೊಂಡದ್ದು ಒಂದು ಬೆಳಿಗ್ಗೆ. ಹೊರಗೆ ಮಳೆ ನಿಂತು ಬಿಸಿಲು ಬಂದಿತ್ತು. ಅಣ್ಣ ಗೋಡೆಗೆ ಮುಖಮಾಡಿ ನಿಂತುಬಿಟ್ಟಿದ್ದ. ಅಳಲು ಹೊರಟರೆ ನನಗೆ ಕೆಮ್ಮು ಬರುತ್ತಿತ್ತು. ಭಟ್ಟರು ಹೋಟೆಲ್ ಮುಚ್ಚಿ ಬಂದು ಎಲ್ಲ ಓಡಾಟವನ್ನೂ ತಮ್ಮ ಕೈಗೆ ತೆಗೆದುಕೊಂಡರು. ಗಾಡಿ ಗೊತ್ತುಮಾಡಿ, ನಮ್ಮಿಬ್ಬರನ್ನೂ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ನೋಡಿ ಮಾರಾಯ್ರೆ, ಹೊರಗೆ ತೀರಿಹೋದವರನ್ನು ಹೊಸ್ತಿಲು ದಾಟಿಸಿ ಒಳಗೆ ತರುವ ಕ್ರಮ ಇಲ್ಲ. ಬೇಸರ ಮಾಡಬೇಡಿ. ಚಾಳಿನ ಗ್ಯಾಲರಿಯಲ್ಲಿ ಮಲಗಿಸುವ. ಎಲ್ಲರೂ ಅಲ್ಲೇ ನೋಡಿಕೊಳ್ಳಲಿ."

ಅವರು ಹೇಳಿದ್ದು ಸರಿಯೇ ಆಗಿತ್ತು. ನಮ್ಮಲ್ಲೂ ಹಾಗೇ. ಅವ್ವನಿದ್ದಿದ್ದರೆ ಅವಳೂ ಅದನ್ನೇ ಹೇಳುತ್ತಿದ್ದಳು. ಆದರೆ ತಾನು ನಿತ್ಯ ತೊಳೆದು ಕುಂಕುಮವಿಟ್ಟ ಹೊಸ್ತಿಲಿನ ಹೊರಗೆ, ನಲ್ಲಿಗೆ ಹೋಗಿಬರುವವರ ಕಾಲ ಬಳಿ ಅವ್ವ ಮಲಗಬೇಕಾಗಿತ್ತು.

ಅಣ್ಣ ಗೋಡೆಯಿಂದ ತಿರುಗಿದ. ಮೊಳೆ ಹೊಡೆಯಲೂ ಹೆದರುವ ನನ್ನ ಅಣ್ಣ.

"ಗ್ಯಾಲರಿ ಬ್ಯಾಡ್ರಿ ಭಟ್ಟರ. ಅವ್ವನ್ನ ಆಂಟಾಪ್ ಹಿಲ್‌ಗೆ ಕರಕೊಂಡು ಹೋಗೂಣು."

"ಅಲ್ಲ, ಅದೂ ಮನೆಯೇ ಅಲ್ವಾ..."

"ಮನಿನs. ಆದ್ರ ನನ್ನ ಮನಿಗೆ ಹೊಸ್ತಲಾ ಇಲ್ರಿ."

ಭಟ್ಟರು ಅವನ ಮುಖ ನೋಡಿದರು. ಗಾಡಿಯವನಿಗೆ ವಿಳಾಸ ಹೇಳಿದರು.

ಮೂರು ಮಹಡಿ ಹೊತ್ತು ಹತ್ತಿದೆವು. ಮುಂದೆ ಅಣ್ಣ ಮತ್ತು ಭಟ್ಟರು, ಹಿಂದೆ ನಾನು ಮತ್ತು ಚಾಳಿನ ಗೆಳೆಯನೊಬ್ಬ. ಅಣ್ಣ ಮೊದಲೇ ಮೇಲೆ ಹೋಗಿ ಬೀಗ ತೆಗೆದು ಬಾಗಿಲನ್ನು ಗೋಡೆಯವರೆಗೂ ಸರಿಸಿ ಬಂದಿದ್ದ. ಕಿಟಕಿಯಿಂದ ಬಂದ ಬಿಸಿಲು ನೆಲದ ಮೇಲೆ ಹೊರಗಿನ ಕಾರಿಡಾರಿನವರೆಗೂ ಬಿದ್ದಿತ್ತು. ಬಾಗಿಲ ಹತ್ತಿರ ಬಂದಾಗ ಹುಟ್ಟಿದಾಗಿನ ಅಭ್ಯಾಸದಿಂದ ನಾನು ಕಾಲನ್ನು ಮೇಲಕ್ಕೆತ್ತಿದೆ. ದಾಟಲು ಅಲ್ಲಿ ಏನೂ ಇರಲಿಲ್ಲ. ಕಾಲು ಸುಮ್ಮನೆ ಕೆಳಗೆ ಬಂತು. ನಮ್ಮಲ್ಲಿ ಯಾರೂ ಎಡವಲಿಲ್ಲ, ನೆಲ ಅಷ್ಟು ಸಪಾಟಾಗಿತ್ತು. ಅವ್ವ ಯಾವಾಗ ಒಳಗೆ ಬಂದಳೋ ನನಗೆ ತಿಳಿಯಲೇ ಇಲ್ಲ.